ನಾಯಕನ ಗುಣ, ಚರಿತ್ರಕಾರನ ದೋಷ

ವರ್ಷಕ್ಕೊಮ್ಮೆ ನನ್ನ ಮೇಜಿನ ಮೇಲೆ ಪ್ರಬಂಧಗಳ ಕಟ್ಟೊಂದು ಬಂದು ಬೀಳುತ್ತದೆ. ವಿಷಯಗಳಲ್ಲಿ ಒಂದು ಬಹುಮಟ್ಟಿಗೆ ಬದಲಾಗುವುದಿಲ್ಲ: 'ರಾಷ್ಟ್ರನಾಯಕನಲ್ಲಿ ಇರಬೇಕಾದ ಗುಣಗಳು'. ಹುಡುಗರು ಯಾರನ್ನಾದರೂ ಆರಿಸಿಕೊಳ್ಳಬಹುದು. ಒಬ್ಬ ಗಾಂಧೀಜಿಯನ್ನು ಆರಿಸುತ್ತಾನೆ, ಮತ್ತೊಬ್ಬ ನೆಹರೂ ಅವರನ್ನು, ಇನ್ನೊಬ್ಬಳು ಅಬ್ರಹಾಂ ಲಿಂಕನ್‌ನನ್ನು. ಧೈರ್ಯ, ತ್ಯಾಗ, ದೂರದೃಷ್ಟಿ, ಸತ್ಯಸಂಧತೆ, ಸರಳತೆ ಎಂಬ ಐದು ಮಾತುಗಳು ಮೂವರಿಗೂ ಸಮನಾಗಿ ಹಂಚಿಹೋಗುತ್ತವೆ. ಹೆಸರನ್ನು ಮರೆಮಾಡಿ ಓದಿದರೆ ಯಾವ ಪ್ರಬಂಧ ಯಾರನ್ನು ಕುರಿತದ್ದೆಂದು ಹೇಳುವುದು ನನ್ನಿಂದಲೂ ಆಗದು.

ಇದಕ್ಕೆ ಮಕ್ಕಳನ್ನು ದೂರುವುದು ಅನ್ಯಾಯ. ಆ ಐದು ಗುಣಗಳನ್ನು ಕರಿಹಲಗೆಯ ಮೇಲೆ ಬರೆಸಿದವನು ನಾನೇ. ನನಗಾದರೂ ಅವು ಎಲ್ಲಿಂದ ಬಂದವು? ನಾವು ಕನ್ನಡದಲ್ಲಿ ಬಾಲ್ಯದಿಂದ ಓದಿಕೊಂಡು ಬಂದ ಜೀವನಚರಿತ್ರೆಗಳಿಂದ. ನಾಯಕನು ಹುಟ್ಟುವಾಗಲೇ ನಾಯಕನಾಗಿ ಹುಟ್ಟುತ್ತಾನೆ. ಅಡ್ಡಿಗಳು ಬರುತ್ತವೆ, ಅವನು ಜಯಿಸುತ್ತಾನೆ. ತಪ್ಪೇನಾದರೂ ನಡೆದಿದ್ದರೆ ಅದು ಇತರರದು, ಇಲ್ಲವೆ ಕಾಲದ್ದು. ಇಂಥ ಪುಸ್ತಕಗಳನ್ನು ಚರಿತ್ರೆಯೆನ್ನುವುದಕ್ಕಿಂತ ಅಷ್ಟೋತ್ತರವೆನ್ನುವುದು ಮೇಲು. ಅಷ್ಟೋತ್ತರ ತಪ್ಪೆಂದು ನನ್ನ ಅಭಿಪ್ರಾಯವಲ್ಲ. ಅದಕ್ಕೆ ದೇವರ ಮನೆಯಲ್ಲಿ ಸ್ಥಾನವಿದೆ. ಮನುಷ್ಯನನ್ನು ಅರಿಯುವುದಕ್ಕೆ ಅದು ಸಾಧನವಲ್ಲ, ಅಷ್ಟೆ.

ಹಾಗಾದರೆ ಬೇರೆ ದಾರಿ ಯಾವುದು? ಇತರರು ನಾಯಕನನ್ನು ಕುರಿತು ಬರೆದದ್ದನ್ನು ಸ್ವಲ್ಪ ಕಾಲ ಬದಿಗಿಟ್ಟು, ನಾಯಕನೇ ಬರೆದದ್ದನ್ನು ಓದಬಹುದು. ಅದರಲ್ಲಿಯೂ ಅವನು ತನ್ನ ತಪ್ಪನ್ನು ಕುರಿತು ಬರೆದ ಪುಟಗಳನ್ನು. ಗೆಲುವಿನ ವಿಷಯ ಬರೆಯುವಾಗ ಎಲ್ಲರ ಗದ್ಯವೂ ಒಂದೇ ಬಗೆಯಾಗಿರುತ್ತದೆ. ಸೋತಾಗ, ತಪ್ಪಿದಾಗ, ವಾಕ್ಯದ ಕರ್ತೃಪದ ಯಾವುದೆಂದು ನೋಡಬೇಕು. ನಾನು ವ್ಯಾಕರಣ ಕಲಿಸುವವನಾದ್ದರಿಂದ ನನಗೆ ಈ ಚಟ. ಮೂವರ ಬರಹಗಳನ್ನು ಈ ದೃಷ್ಟಿಯಿಂದ ಓದಿದಾಗ ನನಗೆ ಕಂಡದ್ದನ್ನು ಇಲ್ಲಿ ಹೇಳುತ್ತೇನೆ.

ಗಾಂಧೀಜಿಯವರ ಆತ್ಮಕಥೆ 1925ರಿಂದ 1929ರವರೆಗೆ 'ನವಜೀವನ'ದಲ್ಲಿ ವಾರವಾರವೂ ಗುಜರಾತಿಯಲ್ಲಿ ಬಂದದ್ದು. ಅದರ ಕೊನೆಯ ಭಾಗದಲ್ಲಿ 1919ರ ಏಪ್ರಿಲ್ ತಿಂಗಳ ಕಥೆಯಿದೆ. ರೌಲಟ್ ಶಾಸನವನ್ನು ಪ್ರತಿಭಟಿಸಿ ಏಪ್ರಿಲ್ 6ರಂದು ದೇಶದ ಉದ್ದಗಲಕ್ಕೂ ಹರತಾಳ ನಡೆಯಿತು. ಪಂಜಾಬಿನ ಕಡೆ ಹೊರಟಿದ್ದ ಗಾಂಧೀಜಿಯವರನ್ನು ಸರ್ಕಾರ ದಾರಿಯಲ್ಲೇ ತಡೆದು ಹಿಂದಕ್ಕೆ ಕಳಿಸಿತು. ಸುದ್ದಿ ಹರಡಿ ಅಹಮದಾಬಾದಿನಲ್ಲಿ ದಂಗೆಯೆದ್ದಿತು. ನಡಿಯಾದಿನ ಬಳಿ ರೈಲು ಕಂಬಿಗಳನ್ನು ಕೀಳುವ ಪ್ರಯತ್ನ ನಡೆಯಿತು. ಅದೇ 13ರಂದು ಅಮೃತಸರದಲ್ಲಿ ಜಲಿಯನ್‌ವಾಲಾ ಬಾಗಿನ ಹತ್ಯೆಯಾಯಿತು. ಹೊಣೆಯನ್ನೆಲ್ಲ ಸರ್ಕಾರದ ಮೇಲೆ ಹೊರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಯಾವ ನಾಯಕನಿಗೆ ದೊರೆತೀತು? ಸರ್ಕಾರದ ಪಾಪ ಬೆಟ್ಟದಷ್ಟಿತ್ತು. ಗಾಂಧೀಜಿ ಆ ಬೆಟ್ಟವನ್ನು ಮರೆಯಲಿಲ್ಲ; ಆದರೆ ಹಿಮಾಲಯದ ಹೋಲಿಕೆಯನ್ನು ಮಾತ್ರ ತಮ್ಮ ತಪ್ಪು ಎಣಿಕೆಗೇ ಕೊಟ್ಟುಕೊಂಡರು.

ಆ ಅಧ್ಯಾಯದಲ್ಲಿ ನಾನು ಮೆಚ್ಚುವುದು ಪಶ್ಚಾತ್ತಾಪವನ್ನಲ್ಲ, ಅದರ ಖಚಿತತೆಯನ್ನು. 'ಏನೋ ತಪ್ಪಾಯಿತು' ಎಂದು ಅವರು ಗೋಳಾಡುವುದಿಲ್ಲ. ಕಾನೂನನ್ನು ಮನಃಪೂರ್ವಕವಾಗಿ ಪಾಲಿಸಲು ಕಲಿತವನಿಗೆ ಮಾತ್ರ ಅದನ್ನು ಸವಿನಯವಾಗಿ ಭಂಗಿಸುವ ಯೋಗ್ಯತೆ ಬರುತ್ತದೆ. ಆ ಯೋಗ್ಯತೆ ಜನರಿಗೆ ಬರುವುದಕ್ಕೆ ಮುಂಚೆಯೇ ತಾವು ಅವರನ್ನು ಕರೆದದ್ದು ತಪ್ಪು — ಇದು ಅವರ ವಾದ. ರೋಗವನ್ನು ಹೆಸರಿಟ್ಟು ಹೇಳಿದ್ದಾರೆ. ಆದ್ದರಿಂದಲೇ ಔಷಧವೂ ಅವರಿಗೆ ತಿಳಿಯಿತು. ಮೂರು ದಿನ ಉಪವಾಸ ಮಾಡಿದರು; ಸತ್ಯಾಗ್ರಹವನ್ನು ನಿಲ್ಲಿಸಿದರು; ಜನರಿಗೆ ತಿಳಿವಳಿಕೆ ಕೊಡುವುದಕ್ಕಾಗಿ ಸ್ವಯಂಸೇವಕರನ್ನು ಕೂಡಿಸಲು ಹೊರಟರು. ಈ ಒಪ್ಪಿಗೆಯಿಂದ ತಾವು ನಗೆಪಾಟಲಾದದ್ದನ್ನೂ, ಆ ಸ್ವಯಂಸೇವಕರ ಸಂಖ್ಯೆ ಬೆಳೆಯದೆ ಇಳಿಯುತ್ತ ಬಂದದ್ದನ್ನೂ ಅವರೇ ಬರೆದಿದ್ದಾರೆ. ನಮ್ಮ ಚರಿತ್ರಕಾರನೊಬ್ಬನ ಕೈಗೆ ಸಿಕ್ಕಿದ್ದರೆ ಈ ಕೊನೆಯ ಸಂಗತಿ ಅಚ್ಚಾಗುತ್ತಲೇ ಇರಲಿಲ್ಲ.

ಎರಡನೆಯವನು ಲಿಂಕನ್. ಅವನ ಗೆಟಿಸ್‌ಬರ್ಗ್ ಭಾಷಣವನ್ನು ಎಲ್ಲರೂ ಬಲ್ಲರು. ಅದಕ್ಕೆ ನಾಲ್ಕು ತಿಂಗಳ ಹಿಂದೆ, ಒಂದು ದಿನದ ಅಂತರದಲ್ಲಿ ಅವನು ಬರೆದ ಎರಡು ಕಾಗದಗಳನ್ನು ಅಷ್ಟು ಜನ ಓದಿಲ್ಲ. 1863ರ ಜುಲೈ 4ರಂದು ಮಿಸಿಸಿಪಿ ನದಿಯ ದಂಡೆಯ ವಿಕ್ಸ್‌ಬರ್ಗ್ ಕೋಟೆ ಸೇನಾಪತಿ ಗ್ರಾಂಟನಿಗೆ ಶರಣಾಯಿತು. ಆ ಮುತ್ತಿಗೆಗೆ ಮೊದಲು ಗ್ರಾಂಟ್ ಹಿಡಿದ ದಾರಿ ಲಿಂಕನ್‌ಗೆ ಸರಿದೋರಿರಲಿಲ್ಲ. ಅವನು ನದಿಯ ಕೆಳಗಡೆ ಹೋಗಿ ಇನ್ನೊಬ್ಬ ಸೇನಾಪತಿಯೊಡನೆ ಸೇರಬೇಕಿತ್ತೆಂದು ಲಿಂಕನ್ ಭಾವಿಸಿದ್ದ. ಈ ಅನುಮಾನ ಅವನ ಮನಸ್ಸಿನಲ್ಲಿಯೇ ಉಳಿದಿದ್ದರೆ ಕೇಳುವವರು ಯಾರು? ಆದರೂ ಜುಲೈ 13ರಂದು, ತಾನು ಅದುವರೆಗೆ ಮುಖತಃ ಭೇಟಿಯಾಗಿದ್ದ ನೆನಪೂ ಇಲ್ಲದ ಆ ಮನುಷ್ಯನಿಗೆ ಪುಟ್ಟ ಕಾಗದವೊಂದನ್ನು ಬರೆದ. ತಾನು ಯಾವ ಹಂತದಲ್ಲಿ ಏನೆಂದುಕೊಂಡಿದ್ದೆನೆಂದು ವಿವರಿಸಿ, ನೀವು ಸರಿ, ನಾನು ತಪ್ಪು ಎಂಬ ಅರ್ಥದ ಮಾತಿನಿಂದ ಮುಗಿಸಿದ. ದೇಶದ ಅಧ್ಯಕ್ಷ ತನ್ನ ಕೈಕೆಳಗಿನ ಸೈನಿಕನಿಗೆ ಬರೆದ ಕಾಗದ ಅದು.

ಮರುದಿನ ಇನ್ನೊಂದು ಕಾಗದ. ಗೆಟಿಸ್‌ಬರ್ಗಿನಲ್ಲಿ ಗೆದ್ದ ಸೇನಾಪತಿ ಮೀಡ್, ಸೋತು ಹಿಮ್ಮೆಟ್ಟುತ್ತಿದ್ದ ಲೀಯ ಸೇನೆಯನ್ನು ಅಡ್ಡಗಟ್ಟದೆ ಬಿಟ್ಟ; ಅದು ಪೊಟೋಮ್ಯಾಕ್ ನದಿಯನ್ನು ದಾಟಿ ಪಾರಾಯಿತು. ಯುದ್ಧ ಅಲ್ಲಿಗೇ ಮುಗಿಯಬಹುದಾಗಿತ್ತೆಂದು ಲಿಂಕನ್ ಸಂಕಟಪಟ್ಟ. ಕೈಗೆ ಬಂದಿದ್ದ ಅವಕಾಶ ಹೋಯಿತು, ಇನ್ನು ಯುದ್ಧಕ್ಕೆ ಕೊನೆ ಯಾವಾಗಲೋ ಎಂದು ಮೀಡನಿಗೆ ಕಟುವಾಗಿ ಬರೆದ. ಆದರೆ ಕಳಿಸಲಿಲ್ಲ. ಕಳಿಸಲಿಲ್ಲ, ಸಹಿ ಮಾಡಲಿಲ್ಲ ಎಂದು ಮೇಲೆ ಗುರುತುಹಾಕಿ ತನ್ನ ಕಾಗದಪತ್ರಗಳ ನಡುವೆ ಇಟ್ಟುಕೊಂಡ.

ತನ್ನನ್ನು ದೂರಿಕೊಂಡ ಕಾಗದವನ್ನು ಅಂಚೆಗೆ ಹಾಕಿ, ಇತರರನ್ನು ದೂರಿದ ಕಾಗದವನ್ನು ಪೆಟ್ಟಿಗೆಗೆ ಹಾಕುವುದು — ನಮ್ಮಲ್ಲಿ ಎಷ್ಟು ಜನ ಮಾಡುತ್ತೇವೆ? ನನ್ನ ಮಟ್ಟಿಗೆ ಹೇಳುವುದಾದರೆ, ನಾನು ಇದಕ್ಕೆ ಸರಿಯಾಗಿ ವಿರುದ್ಧವಾದುದನ್ನೇ ಮಾಡಿಕೊಂಡು ಬಂದಿದ್ದೇನೆ. ಗಾಂಧೀಜಿ ತಮ್ಮ ಅಧ್ಯಾಯದಲ್ಲಿ ಕೊಡುವ ಸಲಹೆಯೂ ಇದೇ ಜಾತಿಯದು: ತನ್ನ ತಪ್ಪನ್ನು ಹಿಗ್ಗಿಸಿ ತೋರುವ ಗಾಜಿನಿಂದಲೂ ಇತರರ ತಪ್ಪನ್ನು ಕುಗ್ಗಿಸಿ ತೋರುವ ಗಾಜಿನಿಂದಲೂ ನೋಡಬೇಕೆಂದು ಅವರ ಅಭಿಪ್ರಾಯ.

ಇನ್ನು ನೆಹರೂ. ಇಲ್ಲಿ ವಿಮರ್ಶಕನ ಕೆಲಸ ಸ್ವಲ್ಪ ಕಷ್ಟವಾಗುತ್ತದೆ. ಏಕೆಂದರೆ ಮೂವರಲ್ಲಿ ಗ್ರಂಥಕರ್ತರೆನ್ನಬಹುದಾದವರು ಅವರು. 1937ರ ನವೆಂಬರಿನಲ್ಲಿ ಕಲ್ಕತ್ತೆಯ 'ಮಾಡರ್ನ್ ರಿವ್ಯೂ' ಪತ್ರಿಕೆಯಲ್ಲಿ 'ರಾಷ್ಟ್ರಪತಿ' ಎಂಬ ಲೇಖನ ಬಂತು. ಬರೆದವನ ಹೆಸರು 'ಚಾಣಕ್ಯ'. ಕಾಂಗ್ರೆಸ್ಸಿನ ಅಧ್ಯಕ್ಷ ಜವಾಹರಲಾಲರನ್ನು ಕುರಿತ ಕಟು ವಿಮರ್ಶೆ ಅದು. ಜನಸಮೂಹದ ನಡುವೆ ಅವರು ನಗುತ್ತ ಸಾಗುವುದು ಸಹಜವೋ ನಟನೆಯೋ? ಇಂಥವರಿಂದ ಪ್ರಜಾಪ್ರಭುತ್ವಕ್ಕೆ ಅಪಾಯವಿಲ್ಲವೆ? ಕೊಂಚ ದಾರಿ ತಪ್ಪಿದರೂ ಇವರು ಸೀಸರ್ ಆಗಲಾರರೆ? ಮತ್ತೆ ಇವರನ್ನೇ ಅಧ್ಯಕ್ಷರನ್ನಾಗಿ ಆರಿಸುವುದು ಸರಿಯಲ್ಲ — ಹೀಗೆ ಸಾಗುತ್ತದೆ. ಬರೆದವರು ಜವಾಹರಲಾಲರೇ ಎಂಬುದು ಆಮೇಲೆ ತಿಳಿಯಿತು.

ಅಧಿಕಾರದ ಹೊಸ್ತಿಲಲ್ಲಿದ್ದ ನಾಯಕನೊಬ್ಬ ತನ್ನ ವಿಷಯದಲ್ಲಿ ಎಚ್ಚರವಾಗಿರಿ ಎಂದು ಜನಕ್ಕೆ ಹೇಳಿದ ಇಂಥ ಉದಾಹರಣೆ ಅಪೂರ್ವ. ಅದನ್ನು ನಾನು ಗೌರವದಿಂದಲೇ ಓದುತ್ತೇನೆ. ಆದರೂ ಓದುತ್ತ ಓದುತ್ತ ಒಂದು ಅನುಮಾನ ಸುಳಿಯುತ್ತದೆ. ಆ ಚಿತ್ರ ಬಹಳ ಚೆನ್ನಾಗಿದೆ. ಚಿತ್ರಕಾರನಿಗೆ ಅದು ಇಷ್ಟವಾದಂತಿದೆ. ಸೀಸರ್ ಆಗಬಲ್ಲನೆಂಬ ದೂರಿನಲ್ಲಿಯೇ ಸೀಸರನಷ್ಟು ದೊಡ್ಡವನೆಂಬ ಧ್ವನಿ ಉಂಟು. ಗಾಂಧೀಜಿಯ ಅಧ್ಯಾಯದಲ್ಲಿ ನಡೆದುಹೋದ ತಪ್ಪಿದೆ; ಇಲ್ಲಿ ನಡೆಯಬಹುದಾದ ತಪ್ಪಿದೆ. ನಡೆಯಬಹುದಾದ ತಪ್ಪನ್ನು ಒಪ್ಪಿಕೊಳ್ಳಲು ಉಪವಾಸ ಬೇಕಾಗುವುದಿಲ್ಲ.

ಕರ್ತೃಪದವನ್ನು ನೋಡಿ. ಗಾಂಧೀಜಿ 'ನಾನು' ಎನ್ನುತ್ತಾರೆ, ಲಿಂಕನ್ 'ನಾನು' ಎನ್ನುತ್ತಾನೆ. 1937ರ ನೆಹರೂ 'ಅವನು' ಎನ್ನುತ್ತಾರೆ; ಕಾವ್ಯನಾಮದಲ್ಲಿ ಬರೆದ ಮೇಲೆ ಹಾಗೆನ್ನದೆ ವಿಧಿಯಿಲ್ಲ, ನಿಜ. ಇಪ್ಪತ್ತೈದು ವರ್ಷದ ಮೇಲೆ, 1962ರ ಅಕ್ಟೋಬರಿನಲ್ಲಿ ಚೀನದ ಸೇನೆ ಗಡಿಯೊಳಕ್ಕೆ ನುಗ್ಗಿದಾಗ, ವಾಸ್ತವದ ಸಂಪರ್ಕ ತಪ್ಪಿ ನಾವೇ ಸೃಷ್ಟಿಸಿಕೊಂಡ ಕೃತಕ ವಾತಾವರಣದಲ್ಲಿ ಇದ್ದೆವೆಂದು ಅವರು ಬಹಿರಂಗವಾಗಿ ಹೇಳಿದರು. ಅಲ್ಲಿ ಕರ್ತೃಪದ 'ನಾವು'. ಆ ಮಾತನ್ನು ಹೇಳುವುದಕ್ಕೂ ದೊಡ್ಡ ಮನಸ್ಸು ಬೇಕು. ಎಷ್ಟೋ ಜನ ಅಷ್ಟನ್ನೂ ಹೇಳುವುದಿಲ್ಲ. ತಪ್ಪು ಅನೇಕರದಾಗಿತ್ತೆಂಬುದೂ ಸುಳ್ಳಲ್ಲ. ಆದರೂ 'ನಾವು' ಎಂಬುದು ಎಲ್ಲರೂ ನಿಲ್ಲಬಹುದಾದ ಮಾವಿನ ತೋಪು; 'ನಾನು' ಎಂಬುದು ಬಿಸಿಲು.

ಪಂಪ 941ರಲ್ಲಿ ಬರೆದ ಆದಿಪುರಾಣದಲ್ಲಿ ಒಂದು ಪ್ರಸಂಗವಿದೆ. ದಿಗ್ವಿಜಯ ಮುಗಿಸಿದ ಭರತ ಚಕ್ರವರ್ತಿ ತನ್ನ ಹೆಸರನ್ನು ಕೆತ್ತಿಸಬೇಕೆಂದು ವೃಷಭಾಚಲಕ್ಕೆ ಹೋಗುತ್ತಾನೆ. ಅಲ್ಲಿ ನೋಡಿದರೆ ಬೆಟ್ಟದಲ್ಲಿ ಜಾಗವೇ ಇಲ್ಲ. ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳು ತುಂಬಿವೆ. ಅವನ ಗರ್ವ ಸೋರಿಹೋಗುತ್ತದೆ. ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ನೀತಿ. ಆದರೆ ಕಥೆ ನಿಲ್ಲುವುದಿಲ್ಲ: ಗರ್ವಭಂಗವಾದ ಭರತನೇ ಯಾರದೋ ಪ್ರಶಸ್ತಿಯನ್ನು ಅಳಿಸಿ ಅಲ್ಲಿ ತನ್ನದನ್ನು ಬರೆಸುತ್ತಾನೆ. ತನ್ನ ದೋಷವನ್ನು ಕಾಣುವುದು ಬೇರೆ, ಕಂಡ ಮೇಲೆ ಕೈಯನ್ನು ಹಿಂದೆಗೆಯುವುದು ಬೇರೆ. ಈ ಎರಡರ ನಡುವಣ ಅಂತರವನ್ನು ನಮ್ಮ ಕವಿ ಸಾವಿರ ವರ್ಷಗಳ ಹಿಂದೆಯೇ ಕಂಡಿದ್ದ.

ಒಂದು ಆಕ್ಷೇಪವನ್ನು ನಾನು ಊಹಿಸಬಲ್ಲೆ. ದಿನಬೆಳಗಾದರೆ ತಪ್ಪೊಪ್ಪಿಕೊಳ್ಳುವವನ ಹಿಂದೆ ಯಾರು ಹೋಗುತ್ತಾರೆ? ಸತ್ತವರು ಒಪ್ಪಿಗೆಯಿಂದ ಎದ್ದುಬರುತ್ತಾರೆಯೆ? 1922ರ ಫೆಬ್ರುವರಿಯಲ್ಲಿ ಚೌರಿಚೌರಾದ ಪೊಲೀಸ್ ಠಾಣೆಗೆ ಜನ ಬೆಂಕಿಯಿಟ್ಟ ಮೇಲೆ ಗಾಂಧೀಜಿ ಚಳವಳಿಯನ್ನು ನಿಲ್ಲಿಸಿದಾಗ, ಲಖನೌ ಜೈಲಿನಲ್ಲಿದ್ದ ಜವಾಹರಲಾಲರೇ ಕೋಪಗೊಂಡಿದ್ದರು. ಆಕ್ಷೇಪದಲ್ಲಿ ಹುರುಳಿದೆ. ತಪ್ಪೊಪ್ಪಿಗೆಯೊಂದರಿಂದಲೇ ಯಾರೂ ನಾಯಕರಾಗುವುದಿಲ್ಲ. ಧೈರ್ಯ, ದೂರದೃಷ್ಟಿ ಎಲ್ಲವೂ ಬೇಕು. ಆದರೆ ತನ್ನ ತಪ್ಪನ್ನು ಕಾಣಲಾರದವನ ಧೈರ್ಯ ಇತರರ ಪ್ರಾಣಕ್ಕೆ ಮೂಲ. ಅವನ ದೂರದೃಷ್ಟಿ ತನ್ನ ಕಾಲ ಬುಡವನ್ನು ನೋಡದು. ಉಳಿದ ಗುಣಗಳನ್ನು ನಂಬುವಂತೆ ಮಾಡುವ ಗುಣ ಇದು. 1919ರಲ್ಲಿ ತಪ್ಪನ್ನು ಹೆಸರಿಟ್ಟು ಕರೆದವರಾದ್ದರಿಂದಲೇ 1922ರಲ್ಲಿ ಅದು ಮತ್ತೆ ತಲೆಯೆತ್ತಿದಾಗ ಗಾಂಧೀಜಿ ಗುರುತಿಸಿದರು. ಅವರ ನಿರ್ಧಾರ ಸರಿಯೋ ತಪ್ಪೋ ಎಂದು ಇತಿಹಾಸಜ್ಞರು ಚರ್ಚಿಸಲಿ. ಅದು ಹಠದಿಂದ ಬಂದದ್ದಲ್ಲ, ಅನುಭವದಿಂದ ಬಂದದ್ದು.

ಹೋದ ವರ್ಷ ನಾನು ಪ್ರಬಂಧದ ವಿಷಯವನ್ನು ಬದಲಾಯಿಸಿದೆ. ನೀವು ಮೆಚ್ಚುವ ನಾಯಕರೊಬ್ಬರು ಮಾಡಿದ ಒಂದು ತಪ್ಪು ಯಾವುದು, ಆಮೇಲೆ ಅವರು ಏನು ಮಾಡಿದರು, ಬರೆಯಿರಿ ಎಂದೆ. ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಏನನ್ನೂ ಬರೆಯಲಾರದೆ ಹೋದರು. ಒಬ್ಬ ಹುಡುಗ ಬಂದು, "ಸಾರ್, ಲೈಬ್ರರಿಯಲ್ಲಿ ನಾಲ್ಕು ಪುಸ್ತಕ ನೋಡಿದೆ, ಯಾವುದರಲ್ಲಿಯೂ ತಪ್ಪು ಸಿಗಲಿಲ್ಲ" ಎಂದ. ಅವನು ಸುಳ್ಳು ಹೇಳಿರಲಿಲ್ಲ. ಆ ನಾಲ್ಕು ಪುಸ್ತಕಗಳನ್ನೂ ನಾನು ತೆಗೆದು ನೋಡಿದೆ.

ಕನ್ನಡದಲ್ಲಿ ಬೇರೆ ಬಗೆಯ ಬರಹ ಇಲ್ಲವೆಂದಲ್ಲ. ಡಿ.ವಿ.ಜಿ.ಯವರು 'ಜ್ಞಾಪಕ ಚಿತ್ರಶಾಲೆ'ಯಲ್ಲಿ ಮೈಸೂರಿನ ದಿವಾನರನ್ನು ಚಿತ್ರಿಸುವಾಗ ಗೌರವವನ್ನು ಬಿಡದೆ ಮನುಷ್ಯರನ್ನಾಗಿಯೇ ತೋರಿಸಿದ್ದಾರೆ. ಅಂಥ ಪುಸ್ತಕಗಳು ಹುಡುಗರ ಕೈಗೆ ಎಟುಕುವ ಅಳತೆಯಲ್ಲಿ, ಎಟುಕುವ ಬೆಲೆಯಲ್ಲಿ ಬರಬೇಕು. ಬರೆಯಬಲ್ಲವರು ನಮ್ಮಲ್ಲಿದ್ದಾರೆ. ಅಲ್ಲಿಯವರೆಗೆ ಆ ಹುಡುಗನಿಗೆ ಗಾಂಧೀಜಿಯ ಆತ್ಮಕಥೆಯ ನನ್ನ ಪ್ರತಿಯನ್ನು, ಆ ಅಧ್ಯಾಯದಲ್ಲಿ ಒಂದು ಚೀಟಿಯಿಟ್ಟು ಕೊಟ್ಟಿದ್ದೇನೆ. ಇನ್ನೂ ಹಿಂದಕ್ಕೆ ಬಂದಿಲ್ಲ, ನಾನೂ ಕೇಳಿಲ್ಲ.