ನರೋದ್ದೀಪನವೂ ಅಂಗಸಾಧನೆಯೂ: ಒಂದು ವಿಮರ್ಶೆ

ಪಾರ್ಶ್ವವಾಯುವಿನಿಂದ ಬಲಗುಂದಿದ ತೋಳಿಗೆ ಅಂಗಸಾಧನೆಯೊಡನೆ ಕುತ್ತಿಗೆಯ ವೇಗಸ್ ನರಕ್ಕೆ ವಿದ್ಯುತ್ತಿನ ಉದ್ದೀಪನವನ್ನೂ ಕೂಡಿಸಿ ನೀಡಿದ ಪ್ರಯೋಗದ ವರದಿಯು 2021ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ವೈದ್ಯದಲ್ಲಿ ನಮಗೆ ಅಧಿಕಾರವಿಲ್ಲ. ಶಾಸನವನ್ನು ಓದುವ ಕ್ರಮದಲ್ಲಿಯೇ ಇದನ್ನು ಓದಿದ್ದೇವೆ. ಬರೆಸಿದವರಾರೆಂದು ಮೊದಲು ನೋಡಬೇಕಷ್ಟೆ: ವೆಚ್ಚವನ್ನು ವಹಿಸಿದ್ದು ಉಪಕರಣವನ್ನು ತಯಾರಿಸುವ ಸಂಸ್ಥೆಯೇ. ಆದರೂ ಪ್ರಯೋಗದ ರಚನೆಯಲ್ಲಿ ಪಕ್ಷಪಾತಕ್ಕೆ ಎಡೆ ಕಡಿಮೆ.

ಬ್ರಿಟನ್ ಮತ್ತು ಅಮೆರಿಕೆಗಳ 108 ರೋಗಿಗಳಿಗೂ ಎದೆಯ ಚರ್ಮದಡಿಯಲ್ಲಿ ಉಪಕರಣವನ್ನಿರಿಸಿ, 53 ಮಂದಿಗೆ ಕೈಯ ಚಲನೆಯೊಡನೆ ಅರ್ಧ ಸೆಕೆಂಡಿನ ಉದ್ದೀಪನವನ್ನು ಕೊಟ್ಟರು. ಉಳಿದ 55 ಮಂದಿಗೆ ಅದೇ ಸಾಧನೆ, ಉದ್ದೀಪನ ಮಾತ್ರ ತೋರಿಕೆಯದು. ಯಾರು ಯಾವ ಪಂಗಡವೆಂಬುದು ರೋಗಿಗೂ ಪರೀಕ್ಷಕನಿಗೂ ತಿಳಿದಿರಲಿಲ್ಲ. ಆರು ವಾರಗಳ ತರುವಾಯ 66 ಅಂಕಗಳ ಅಳತೆಯಲ್ಲಿ ಮೊದಲ ಪಂಗಡವು ಸರಾಸರಿ 5, ಎರಡನೆಯದು 2.4 ಅಂಕ ಮೇಲೇರಿತು. ಇದನ್ನು 'ಇಮ್ಮಡಿ' ಎಂದು ಕೊಂಡಾಡುವುದು ಲೆಕ್ಕಕ್ಕೆ ಸರಿ, ಅಂತರವಾದರೋ 2.6 ಅಂಕ.

ನಮ್ಮ ಗಮನವನ್ನು ಸೆಳೆದುದು ಎರಡನೆಯ ಪಂಗಡ. ರೋಗ ತಗುಲಿ ಒಂಬತ್ತು ತಿಂಗಳಿಂದ ಹತ್ತು ವರ್ಷಗಳಾಗಿದ್ದ ಇವರು, ಸುಧಾರಣೆಯ ಕಾಲ ಮೀರಿತೆಂದು ಸಾಮಾನ್ಯವಾಗಿ ಕೈಬಿಡಲ್ಪಡುವವರು. ಆಸ್ಪತ್ರೆಯ ಸಾಧನೆ ಮುಗಿದ 90 ದಿನಗಳ ಮೇಲೆ ಇವರಲ್ಲಿಯೂ ನೂರಕ್ಕೆ 24 ಮಂದಿ ಗಣ್ಯವಾದ ಫಲವನ್ನು ಪಡೆದಿದ್ದರು; ಉದ್ದೀಪನ ಪಡೆದವರಲ್ಲಿ 47. ಶಸ್ತ್ರಚಿಕಿತ್ಸೆಗೆ ಅನುಕೂಲವಿಲ್ಲದ ರೋಗಿಗೆ ಆ 24ರ ಮಾತೇ ಹತ್ತಿರದ್ದು. ಆದರೆ ಸಾಧನೆಯೂ ಇಲ್ಲದ ಮೂರನೆಯ ಪಂಗಡವೊಂದನ್ನು ಏರ್ಪಡಿಸಿರಲಿಲ್ಲವಾದ ಕಾರಣ, ಆ ಫಲದಲ್ಲಿ ಸಾಧನೆಯ ಪಾಲೆಷ್ಟೆಂಬುದಕ್ಕೆ ವರದಿಯಲ್ಲಿ ಆಧಾರ ದೊರೆಯುವುದಿಲ್ಲ. ಅದನ್ನು ಅಳೆಯುವ ಪ್ರಯೋಗಕ್ಕೆ ಉಪಕರಣ ಮಾರುವವರು ಹಣ ನೀಡಲಾರರು, ಸರ್ಕಾರಗಳೇ ಕೈಹಾಕಬೇಕು.