ಬೇಲಿಯಾಚೆಯ ಮೊದಲ ಹೆಜ್ಜೆ

ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕುದುರೆ ರೇಸು ನೋಡಿ ಬಂದವರು ಡಬ್ಲಿನ್ನಿನ ಲೆಪರ್ಡ್ಸ್‌ಟೌನ್‌ನಲ್ಲಿ ಮೊದಲ ದಿನ ಮಾಡುವ ತಪ್ಪು ಒಂದೇ. ಯಾವ ಕುದುರೆ ಎಲ್ಲಕ್ಕಿಂತ ಜೋರು ಅಂತ ಹುಡುಕುತ್ತಾರೆ. ನಾನೂ ಹುಡುಕಿದ್ದೆ. ನಮ್ಮಲ್ಲಿ ಓಡುವುದೆಲ್ಲ ಬಯಲು ಓಟ, ಕಣ್ಣು ಪಿಳುಕಿಸುವುದರಲ್ಲಿ ಮುಗಿದುಹೋಗುತ್ತದೆ. ಐರ್ಲೆಂಡಿನ ಚಳಿಗಾಲದ್ದು ಬೇಲಿ ಹಾರುವ ಓಟ. ಎರಡು ಮೈಲಿಯಾದರೂ ಇರುತ್ತದೆ, ಮೂರು ಮಾಮೂಲು. ಈಸ್ಟರ್ ಸೋಮವಾರ ಫೇರಿಹೌಸ್‌ನಲ್ಲಿ ನಡೆಯುವ ಐರಿಷ್ ಗ್ರ್ಯಾಂಡ್ ನ್ಯಾಷನಲ್ 3.5 ಮೈಲಿಗೂ ಮಿಕ್ಕಿದ್ದು. ಇಷ್ಟು ದೂರ ಓಡುವ ಕುದುರೆಗಳಲ್ಲಿ ಹೆಚ್ಚಿನವು ಬೀಜ ಒಡೆಸಿದ ಗಂಡುಗಳು. ಏಳೆಂಟು ವರ್ಷಕ್ಕೆ ಹುರಿಗೊಂಡು, ಹತ್ತರವರೆಗೂ ಓಡುತ್ತಲೇ ಇರುತ್ತವೆ. ಹಾಗಾಗಿ ಇಲ್ಲಿನ ಜನಕ್ಕೆ ಕುದುರೆಯ ಹೆಸರು ನೆಂಟರ ಹೆಸರಿನ ಹಾಗೆ ಬಾಯಲ್ಲಿರುತ್ತದೆ. 1964ರಿಂದ 66ರವರೆಗೆ ಸತತ ಮೂರು ಸಲ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಗೆದ್ದ ಆರ್ಕಲ್‌ನ ಮಾತು ಬಂದರೆ ಮುದುಕರ ದನಿ ಇವತ್ತಿಗೂ ತಗ್ಗುತ್ತದೆ.

ಆಟ ಹುಟ್ಟಿದ್ದೂ ಇದೇ ನೆಲದಲ್ಲಿ. 1752ರಲ್ಲಿ ಕಾರ್ಕ್ ಕೌಂಟಿಯ ಇಬ್ಬರು ಪಂದ್ಯ ಕಟ್ಟಿ, ಬಟವಂಟ್ ಊರಿನ ಚರ್ಚಿನಿಂದ ಡೋನರೇಲ್ ಚರ್ಚಿನ ಗೋಪುರದ ಗುರಿ ಹಿಡಿದು, ಅಡ್ಡ ಸಿಕ್ಕ ಗೋಡೆ ಹಳ್ಳಗಳನ್ನೆಲ್ಲ ಹಾರಿಸುತ್ತ ಕುದುರೆ ಓಡಿಸಿದರಂತೆ. ಸ್ಟೀಪಲ್ ಅಂದರೆ ಆ ಗೋಪುರ. ಸ್ಟೀಪಲ್‌ಚೇಸ್ ಎಂಬ ಹೆಸರು ಬಂದದ್ದು ಹಾಗೆ.

ಈಗಿನ ಬೇಲಿಗಳಲ್ಲಿ ಎರಡು ಜಾತಿ. ಹರ್ಡಲ್ 3.5 ಅಡಿಯದು, ಕಾಲು ತಗುಲಿದರೆ ಬಾಗುತ್ತದೆ. ಫೆನ್ಸ್ ಅಂದರೆ ಬರ್ಚ್ ಕಡ್ಡಿ ಒತ್ತಿ ಕಟ್ಟಿದ್ದು, ಕಡಿಮೆಯೆಂದರೂ 4.5 ಅಡಿ. ಅದು ಬಾಗುವುದಿಲ್ಲ, ಕುದುರೆಯೇ ಬಗ್ಗಬೇಕು. ಹರ್ಡಲ್ ಮೇಲೆ ಹಾಯಾಗಿ ಗೆದ್ದು ಬಂದವನು ಫೆನ್ಸ್ ಮುಂದೆ ತಬ್ಬಿಬ್ಬಾಗುವುದು ಇಲ್ಲಿ ದಿನಾ ಕಾಣುವ ನೋಟ.

ಈಗ ನಾನು ಕೊಡಬಹುದಾದ ಒಂದೇ ಒಂದು ಗುಟ್ಟು. ಕುದುರೆ ಮೇಲೇಳುವುದನ್ನು ಎಲ್ಲರೂ ನೋಡುತ್ತಾರೆ, ಕ್ಯಾಮೆರಾದವರೂ ಅದನ್ನೇ ಹಿಡಿಯುತ್ತಾರೆ. ನೀವು ಅದು ಇಳಿಯುವುದನ್ನು ನೋಡಿ. ಮುಂಗಾಲು ನೆಲ ಮುಟ್ಟಿದ ಮೇಲಿನ ಮೊದಲ ಹೆಜ್ಜೆ ಹೇಗಿದೆ? ಒಳ್ಳೆಯ ಹಾರುಗ ಇಳಿಯುತ್ತಲೇ ಮುಂದಕ್ಕೆ ಹರಿದುಬಿಡುತ್ತಾನೆ, ಬೇಲಿಯೊಂದು ಇತ್ತು ಎಂಬುದೇ ಅವನಿಗೆ ನೆನಪಿದ್ದಂತೆ ಕಾಣದು. ಇನ್ನೊಬ್ಬ ಅವನಿಗಿಂತ ಎತ್ತರಕ್ಕೆ, ಅಂದವಾಗಿ ಹಾರುತ್ತಾನೆ. ಆದರೆ ಧೊಪ್ಪನೆ ಇಳಿದು, ಮೂಗು ನೆಲದ ಕಡೆ ಹೋಗಿ, ಸಾವರಿಸಿಕೊಂಡು ಮತ್ತೆ ಕಾಲು ಕೀಳಬೇಕು. ಒಂದು ಬೇಲಿಗೆ ಅರ್ಧ ಕುದುರೆ ಉದ್ದ ನಷ್ಟ ಅಂದುಕೊಳ್ಳಿ. ಮೂರು ಮೈಲಿಯಲ್ಲಿ ಹದಿನೇಳು ಹದಿನೆಂಟು ಬೇಲಿ, ಲೆಕ್ಕ ನೀವೇ ಹಾಕಿ. ಕೆಲವಕ್ಕೆ ಹಾರುವಾಗ ಬಲಕ್ಕೆ ವಾಲುವ ಚಾಳಿ. ಎಡಕ್ಕೆ ತಿರುಗುವ ಲೆಪರ್ಡ್ಸ್‌ಟೌನ್‌ನಲ್ಲಿ ಅಂಥವನು ಪ್ರತಿ ಬೇಲಿಗೂ ಸುತ್ತು ಹಾಕಿದಂತೆ. ಬಲಕ್ಕೆ ತಿರುಗುವ ಪಂಚಸ್‌ಟೌನ್‌ನಲ್ಲಿ ಅದೇ ಚಾಳಿ ಅಷ್ಟು ದಂಡ ಹಾಕುವುದಿಲ್ಲ.

ರೇಸ್ ಕಾರ್ಡ್ ಓದುವಾಗಲೂ ಇದೇ ಕಣ್ಣು ಬೇಕು. ಹೆಸರಿನ ಪಕ್ಕದ ಅಂಕಿಗಳಲ್ಲಿ ಬಲತುದಿಯದು ಇತ್ತೀಚಿನ ಓಟ. ಸೊನ್ನೆ ಅಂದರೆ ಹತ್ತನೆಯದೋ ಅದಕ್ಕೂ ಹಿಂದೆಯೋ. ಅಕ್ಷರಗಳಲ್ಲಿ ಎಫ್ ಅಂದರೆ ಬಿತ್ತು, ಯು ಅಂದರೆ ಸವಾರ ಉದುರಿದ, ಬಿ ಅಂದರೆ ಬಿದ್ದ ಇನ್ನೊಂದಕ್ಕೆ ಸಿಕ್ಕಿ ಇದೂ ಉರುಳಿತು, ಪಿ ಅಂದರೆ ಸಾಕೆಂದು ಸವಾರನೇ ಲಗಾಮು ಎಳೆದ. ಹೊಸಬರು ಎಫ್ ಕಂಡರೆ ಬೆಚ್ಚುತ್ತಾರೆ. ನನಗೆ ಅನುಮಾನ ಪಿ ಮೇಲೆಯೇ ಹೆಚ್ಚು. ಬಿದ್ದ ಕುದುರೆ ಎಲ್ಲಿ, ಯಾವ ಸ್ಥಿತಿಯಲ್ಲಿ ಬಿತ್ತು ಎಂಬುದನ್ನು ವಿಚಾರಿಸಬೇಕು.

ಗ್ಯಾಲೊಪಿನ್ ದೆ ಶಾಂಪ್‌ನನ್ನೇ ತೆಗೆದುಕೊಳ್ಳಿ. 2022ರ ಮಾರ್ಚ್‌ನಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಕೊನೆಯ ಬೇಲಿಗೆ ಬಂದಾಗ ಇವನ ಹಿಂದೆ ಹತ್ತು ಕುದುರೆ ನಿಲ್ಲುವಷ್ಟು ಜಾಗ ಖಾಲಿ. ಹಾರಿದ್ದೇನೋ ಚೆನ್ನಾಗಿಯೇ. ಇಳಿದ ಮುಂಗಾಲು ಮಡಚಿಕೊಂಡವು, ಅಷ್ಟೆ. ಕಾರ್ಡಿನಲ್ಲಿ ಅದು ಬರೀ ಒಂದು ಎಫ್. ಅದನ್ನು ನೋಡಿ ಅವನನ್ನು ಕೈಬಿಟ್ಟವರು, 2023 ಮತ್ತು 2024ರಲ್ಲಿ ಅದೇ ಚೆಲ್ಟನ್‌ಹ್ಯಾಮ್‌ನ ಗೋಲ್ಡ್ ಕಪ್ಪನ್ನೂ 2023ರಿಂದ 2025ರವರೆಗೆ ಮೂರೂ ವರ್ಷ ಲೆಪರ್ಡ್ಸ್‌ಟೌನ್‌ನ ಐರಿಷ್ ಗೋಲ್ಡ್ ಕಪ್ಪನ್ನೂ ಅವನು ಗೆಲ್ಲುವುದನ್ನು ನೋಡುತ್ತ ನಿಂತರು.

ಇದೇ ಕುದುರೆ ನನಗೂ ಪಾಠ ಕಲಿಸಿದ. ಫಾಸ್ಟರ್‌ಸ್ಲೋ ಎಂಬವನು ಇವನನ್ನು ಮೂರು ಸಲ ಸೋಲಿಸಿದ, ಮೂರೂ ಪಂಚಸ್‌ಟೌನ್‌ನಲ್ಲೇ. ಬಲಸುತ್ತು ಇವನಿಗೆ ಆಗಿಬರುವುದಿಲ್ಲ ಅಂತ ಸ್ಟ್ಯಾಂಡಿನಲ್ಲಿ ತೀರ್ಪಾಯಿತು. ಆದರೆ 2022ರಲ್ಲಿ ಫೇರಿಹೌಸ್‌ನಲ್ಲೂ ಪಂಚಸ್‌ಟೌನ್‌ನಲ್ಲೂ ಇವನು ಗೆದ್ದಿದ್ದ, ಎರಡೂ ಬಲಸುತ್ತೇ. ಅದಲ್ಲ ಕಾರಣ, ದಣಿವು ಅಂದೆ ನಾನು. ಆ ಮೂರರಲ್ಲಿ ಎರಡು ಸೋಲು ಚೆಲ್ಟನ್‌ಹ್ಯಾಮ್ ಮುಗಿಸಿ ಬಂದ ಮೇಲಿನವು ತಾನೆ? 2025ರಲ್ಲಿಯೂ ಚೆಲ್ಟನ್‌ಹ್ಯಾಮ್ ಮುಗಿಸಿಯೇ ಬಂದವನು ಪಂಚಸ್‌ಟೌನ್ ಗೋಲ್ಡ್ ಕಪ್ಪನ್ನು ಇಪ್ಪತ್ತಕ್ಕೂ ಹೆಚ್ಚು ಉದ್ದಗಳಿಂದ ಹೊಡೆದ. ನನ್ನ ಪಾಂಡಿತ್ಯವನ್ನು ಮಡಚಿ ಜೇಬಿಗಿಟ್ಟುಕೊಂಡೆ.

ನೆಲದ ವಿಷಯಕ್ಕೆ ಬರೋಣ. ಇಲ್ಲಿ ಮಳೆಯೇ ಅರ್ಧ ತೀರ್ಪುಗಾರ. ಗುಡ್, ಯೀಲ್ಡಿಂಗ್, ಸಾಫ್ಟ್, ಹೆವಿ ಅಂತ ಬೆಳಿಗ್ಗೆಯೇ ಸಾರುತ್ತಾರೆ. ಯೀಲ್ಡಿಂಗ್ ಅಂದರೆ ಹೆಜ್ಜೆ ಊರಿದರೆ ಸ್ವಲ್ಪ ಒಪ್ಪಿಕೊಳ್ಳುವ ನೆಲ. ಹೆವಿ ಅಂದರೆ ನಾಟಿಗೆ ಹದ ಮಾಡಿದ ಗದ್ದೆ. ಸಾರಿದ್ದನ್ನು ಪೂರ್ತಿ ನಂಬಬೇಡಿ. ಮೊದಲ ಓಟ ಮುಗಿಸಿ ಬರುವ ಜಾಕಿಗಳ ಬಿಳಿ ಪ್ಯಾಂಟು ನೋಡಿ, ಕೆಸರು ಎಲ್ಲಿಯವರೆಗೆ ಸಿಡಿದಿದೆ ಅಂತ. ಹೆವಿ ನೆಲದಲ್ಲಿ ಹಗುರ ಕಾಲಿನ ಚುರುಕುಗಾರ ಎರಡು ಮೈಲಿಗೇ ಸುಸ್ತು. ಮಂಡಿ ಎತ್ತಿ ಹಾಕುವ ದಪ್ಪ ಗೊರಸಿನವನು ಆಗ ತನ್ನ ಕಾಲ ಬಂತೆಂದು ಎದ್ದು ಬರುತ್ತಾನೆ. ಜೊತೆಗೆ ಏರು. ಲೆಪರ್ಡ್ಸ್‌ಟೌನ್‌ನಲ್ಲಿ ಕೊನೆಯ ತಿರುವು ದಾಟಿದರೆ ಗುರಿಯವರೆಗೂ ಏರು. ಗಾಲ್‌ವೇಯಲ್ಲಂತೂ ಕೊನೆಯ ಎರಡು ಬೇಲಿ ಒಂದರ ಬೆನ್ನಿಗೊಂದು ತಗ್ಗಿನಲ್ಲಿವೆ, ಆಮೇಲೆ ಕಡಿದಾದ ಗುಡ್ಡ. ಕೊನೆಯ ಬೇಲಿಯಲ್ಲಿ ಮುಂದಿದ್ದವನಿಗೆ ಗುಡ್ಡದ ಮೇಲೆ ಏನಾಗುತ್ತದೆ ಅಂತ ಹೇಳಬರುವುದಿಲ್ಲ.

ಪೆರೇಡ್ ರಿಂಗ್ ನಮ್ಮವರಿಗೆ ಸಲೀಸು. ದನದ ಜಾತ್ರೆಯಲ್ಲಿ ಹೋರಿ ನೋಡಿದ ಕಣ್ಣು ಇಲ್ಲಿ ಸಾಕು. ಸುಳಿ ನೋಡಬೇಕಿಲ್ಲ, ಹಲ್ಲು ಹಿಡಿಯಲು ಬಿಡುವುದಿಲ್ಲ, ನಡಿಗೆ ಮಾತ್ರ ನೋಡಿ. ಹಿಂಗಾಲು ಮುಂಗಾಲಿನ ಗುರುತು ದಾಟಿ ಬೀಳುತ್ತಿದೆಯೆ? ಹಿಂದೊಡೆಯ ಮೇಲೆ ಮಾಂಸಖಂಡದ ಗೆರೆ ಎದ್ದಿದೆಯೆ? ತಣ್ಣನೆ ದಿನವೂ ತೊಡೆಸಂದಿಯಲ್ಲಿ ಸೋಪಿನ ಹಾಗೆ ಬೆವರು ನೊರೆಗಟ್ಟಿದ್ದರೆ, ಅವನು ಓಟವನ್ನು ಅಲ್ಲೇ ಓಡಿ ಮುಗಿಸುತ್ತಿದ್ದಾನೆ.

ಲಾಯದ ಹೆಸರಿಗೆ ಮರುಳಾಗುವುದು ಸುಲಭ. ಕಾರ್ಲೋ ಕೌಂಟಿಯ ಕ್ಲೋಸಟನ್‌ನಲ್ಲಿರುವ ವಿಲ್ಲಿ ಮುಲಿನ್ಸ್ ಒಂದೇ ಓಟಕ್ಕೆ ನಾಲ್ಕೈದು ಕುದುರೆ ಕಳಿಸುವುದುಂಟು. ಅವರ ಮೊದಲ ಜಾಕಿ ಪಾಲ್ ಟೌನೆಂಡ್ ಯಾವುದನ್ನು ಹತ್ತಿದರೋ ಜನರೂ ಅದರ ಬಾಲ ಹಿಡಿಯುತ್ತಾರೆ. 2025ರಲ್ಲಿ ಇಂಗ್ಲೆಂಡಿನ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಟೌನೆಂಡ್ ಹತ್ತಿದ ಐ ಆಮ್ ಮ್ಯಾಕ್ಸಿಮಸ್ ಎರಡನೆಯದಾಯಿತು. ಗೆದ್ದದ್ದು ಅದೇ ಲಾಯದ ನಿಕ್ ರಾಕೆಟ್, ಒಂದಕ್ಕೆ ಮೂವತ್ತಮೂರರ ದರದಲ್ಲಿ. ಅದರ ಮೇಲಿದ್ದವರು ವಿಲ್ಲಿಯವರ ಮಗ ಪ್ಯಾಟ್ರಿಕ್, ವೃತ್ತಿಯ ಜಾಕಿಯೂ ಅಲ್ಲದ ಹವ್ಯಾಸಿ.

ಒಂದು ಮಾತು ಮುಚ್ಚಿಡಬಾರದು. ಈ ಆಟದಲ್ಲಿ ಕುದುರೆಗಳು ಸಾಯುತ್ತವೆ. ಬಿದ್ದದ್ದರ ಸುತ್ತ ಪರದೆ ಹಿಡಿದು ನಿಂತರೆ ಸ್ಟ್ಯಾಂಡೆಲ್ಲ ಮೌನವಾಗುತ್ತದೆ. ಆ ದಿನ ನಾನು ಉಳಿದ ಓಟ ನೋಡದೆ ಟ್ರಾಮ್ ಹಿಡಿದು ಬಂದದ್ದಿದೆ; ಮುಂದಿನ ವಾರ ಮತ್ತೆ ಹೋದದ್ದೂ ಇದೆ.

ನೀವು ಹೋದರೆ ಒಂದು ಓಟವನ್ನಾದರೂ ಗ್ಲಾಸು ಹಿಡಿದು ಸ್ಟ್ಯಾಂಡಿನಲ್ಲಿ ಕೂರದೆ ಕೊನೆಯ ಬೇಲಿಯ ಬದಿಗೆ ಹೋಗಿ ನಿಲ್ಲಿ. ಕುದುರೆ ಕಾಣುವ ಮೊದಲು ನೆಲ ಗುಡುಗುತ್ತದೆ, ಆಮೇಲೆ ಬರ್ಚ್ ಕಡ್ಡಿ ಚಟಚಟ, ಆಮೇಲೆ ಇಳಿಯುವವುಗಳ ಹುಂಕಾರ. ಮೊದಲ ವರ್ಷ ಅಲ್ಲಿ ನನ್ನ ಪಕ್ಕ ಮಾಸಿದ ಟ್ವೀಡ್ ಟೋಪಿಯ ರೈತನೊಬ್ಬ ನಿಂತಿದ್ದ. ಗೆದ್ದವನನ್ನು ತಲೆಯೆತ್ತಿಯೂ ನೋಡಲಿಲ್ಲ. ಆರನೆಯವನಾಗಿ ಕೆಸರು ಮೆತ್ತಿಕೊಂಡು ಬಂದು, ಹಾರಿ, ಹರಿದುಹೋದವನ ಹೆಸರಿಗೆ ಕಾರ್ಡಿನಲ್ಲಿ ಗೀಟು ಹಾಕಿಕೊಂಡ. ಯಾಕೆಂದು ಕೇಳಿದೆ. "ಇಳಿದದ್ದು ನೋಡಿದೆಯಲ್ಲ? ಇವತ್ತು ನೆಲ ಅವನದಲ್ಲ. ಮಾರ್ಚ್‌ನಲ್ಲಿ ಒಣಗಲಿ, ನೋಡ್ತಿರು" ಅಂದ.

ಮಾರ್ಚ್ ಹೊತ್ತಿಗೆ ನನಗೆ ಆ ಕುದುರೆಯ ಹೆಸರೇ ಮರೆತಿತ್ತು. ಅಂದಿನಿಂದ ಜೇಬಿನಲ್ಲಿ ಪೆನ್ಸಿಲ್ ಇಟ್ಟುಕೊಂಡು ಹೋಗುತ್ತೇನೆ.