ದಪ್ಪ ತಗಡಿನ ಕೀರ್ತಿ

1950 ಮತ್ತು 60ರ ದಶಕಗಳ ಅಮೆರಿಕನ್ ಕಾರುಗಳೂ ಪಿಕಪ್ ಟ್ರಕ್ಕುಗಳೂ ಇಂದಿನವುಗಳಿಗಿಂತ ಗಟ್ಟಿಯೆಂಬ ನಂಬಿಕೆ ಅವುಗಳ ತಗಡಿನ ದಪ್ಪವನ್ನೂ ಕ್ರೋಮ್ ಬಂಪರಿನ ಭಾರವನ್ನೂ ಕಂಡು ಹುಟ್ಟಿದ್ದೇ ಹೊರತು ಒಳರಚನೆಯನ್ನು ಪರಿಶೀಲಿಸಿ ಅಲ್ಲ. ಹೆದ್ದಾರಿ ಸುರಕ್ಷತೆಗಾಗಿ ಅಲ್ಲಿನ ವಿಮಾ ಕಂಪನಿಗಳು ಕಟ್ಟಿದ ಸಂಸ್ಥೆಯೊಂದು 2009ರಲ್ಲಿ ನಡೆಸಿದ ಡಿಕ್ಕಿ ಪರೀಕ್ಷೆ ಇದನ್ನು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿದೆ.

1959ರ ಷೆವರ್ಲೆ ಬೆಲ್ ಏರ್ ಮತ್ತು 2009ರ ಷೆವರ್ಲೆ ಮಾಲಿಬು, ಗಂಟೆಗೆ ಸುಮಾರು 64 ಕಿ.ಮೀ. ವೇಗದಲ್ಲಿ, ಮುಂಭಾಗದ ಒಂದು ಪಕ್ಕವಷ್ಟೇ ತಾಗುವಂತೆ ಎದುರುಬದುರಾಗಿ ಗುದ್ದಿದಾಗ, ಮಾಲಿಬುವಿನ ಮೂತಿ ನುಗ್ಗಾದರೂ ಚಾಲಕ ಕೂರುವ ಜಾಗ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಬೆಲ್ ಏರ್‌ನಲ್ಲಾದರೋ ಬಾಗಿಲಿನ ಮುಂದಿನ ಕಂಬ ಹಿಂದಕ್ಕೆ ಮಡಚಿಕೊಂಡು, ಡ್ಯಾಶ್‌ಬೋರ್ಡೂ ಸ್ಟಿಯರಿಂಗೂ ಚಾಲಕನ ಮೇಲೆಯೇ ಬಂದವು. ಹೊಸ ಕಾರಿನ ಮುಂಭಾಗವನ್ನು ಕುಸಿತ ವಲಯವಾಗಿ, ಅಂದರೆ ತಾನು ಮುದುಡಿ ಹೊಡೆತದ ಶಕ್ತಿಯನ್ನು ಹೀರಿಕೊಳ್ಳುವ ಭಾಗವಾಗಿ, ಉದ್ದೇಶಪೂರ್ವಕವಾಗಿ ರಚಿಸಲಾಗಿರುತ್ತದೆ. ಹಳೆಯ ಕಾರಿನಲ್ಲಿ ಆ ಶಕ್ತಿಯನ್ನು ಮನುಷ್ಯದೇಹವೇ ಹೊರಬೇಕಾಗುತ್ತಿತ್ತು.

ಹಳೆಯ ಕಾರುಗಳ ಅಭಿಮಾನಿ ವಿಮರ್ಶಕರು ಈ ಫಲಿತಾಂಶವನ್ನು ಒಪ್ಪಲಿಲ್ಲ. ಬೆಲ್ ಏರ್‌ನಲ್ಲಿ ಎಂಜಿನ್ನೇ ಇರಲಿಲ್ಲವೆಂಬ ಅವರ ಆಕ್ಷೇಪಕ್ಕೆ, 3.9 ಲೀಟರಿನ ಆರು ಸಿಲಿಂಡರ್ ಎಂಜಿನ್ ಇತ್ತೆಂದು ಸಂಸ್ಥೆ ಉತ್ತರಿಸಿತು. ಎಕ್ಸ್ ಆಕಾರದ ಚಾಸಿ, ಅಂದರೆ ಎರಡೂ ಪಕ್ಕಗಳಲ್ಲಿ ಉದ್ದಕ್ಕೂ ತೊಲೆಗಳಿಲ್ಲದೆ ನಡುವೆ ಕೂಡಿಕೊಳ್ಳುವ ಅಡಿಗಟ್ಟು, ದುರ್ಬಲವೆಂಬುದು ತಿಳಿದದ್ದೇ, ಆದ್ದರಿಂದ ಆಯ್ಕೆ ಪಕ್ಷಪಾತದ್ದು ಎಂಬ ಎರಡನೆಯ ವಾದ ಮೇಲ್ನೋಟಕ್ಕೆ ಗಂಭೀರವಾದದ್ದು. ಆದರೆ 1958ರಿಂದ 1964ರವರೆಗೆ ಷೆವರ್ಲೆಯ ದೊಡ್ಡ ಕಾರುಗಳೆಲ್ಲ ನಿಂತದ್ದು ಇದೇ ಬಗೆಯ ಚಾಸಿಯ ಮೇಲೆ. ದೇಶದ ಮಧ್ಯಮವರ್ಗ ಲಕ್ಷಗಟ್ಟಲೆ ಕೊಂಡ ಕಾರನ್ನು ಅಪವಾದವೆಂದು ಬದಿಗಿಟ್ಟರೆ, ಆ ಯುಗದ ಗಟ್ಟಿತನಕ್ಕೆ ಉದಾಹರಣೆಯಾಗಿ ಉಳಿಯುವುದೇನು?

ಹಾಗೆಂದು ಆ ಕಾಲದ ವಾಹನಗಳ ಕೆಲವು ಭಾಗಗಳು ನಿಜಕ್ಕೂ ಶ್ಲಾಘನೀಯ. 1965ರಿಂದ 1996ರವರೆಗೆ ತಯಾರಾದ ಫೋರ್ಡ್‌ನ 4.9 ಲೀಟರ್ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟನ್ನು, ಎಂದರೆ ವಾಲ್ವುಗಳನ್ನು ತೆರೆಸುವ ದಂಡವನ್ನು, ಸಡಿಲಗೊಳ್ಳುವ ಚೈನಿನ ಬದಲು ಹಲ್ಲುಚಕ್ರಗಳೇ ತಿರುಗಿಸುತ್ತಿದ್ದವು. ಆದರೆ ಅಂಥ ಎಂಜಿನನ್ನು ಹೊತ್ತ ಟ್ರಕ್ಕಿನ ತಗಡನ್ನು ಉತ್ತರದ ರಾಜ್ಯಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ತಿಂದುಹಾಕುತ್ತಿತ್ತು. ಅದಕ್ಕೂ ಹೆಚ್ಚು ದೂರ ಓಡುವ ನಿರೀಕ್ಷೆಯೇ ಇಲ್ಲವೆಂಬಂತೆ, ಆ ಕಾಲದ ಬಹುತೇಕ ಓಡೋಮೀಟರುಗಳಲ್ಲಿ ಮೈಲಿಗಳಿಗೆ ಐದೇ ಅಂಕಿಗಳಿದ್ದು, ಒಂದು ಲಕ್ಷ ಮೈಲಿ ಮುಟ್ಟಿದೊಡನೆ ಅವು ಸೊನ್ನೆಗೆ ಮರಳುತ್ತಿದ್ದವು.

ಹವಾನಾದ ಬೀದಿಗಳಲ್ಲಿ ಇಂದಿಗೂ ಓಡುವ ಆ ಕಾಲದ ಅಮೆರಿಕನ್ ಕಾರುಗಳನ್ನು ಬಾಳಿಕೆಯ ಪುರಾವೆಯೆಂದು ಮುಂದಿಡುವವರು, ಅವುಗಳಲ್ಲಿ ಅನೇಕದರ ಮೂಲ ಎಂಜಿನ್ ಕಳಚಿ ಬೇರೆ ಡೀಸೆಲ್ ಎಂಜಿನ್ ಕೂರಿಸಿರುವುದನ್ನು ಗಮನಿಸಬೇಕು. ಆ ಕೀರ್ತಿಯ ಬಹುಪಾಲು ಸಲ್ಲಬೇಕಾದದ್ದು ಡೆಟ್ರಾಯ್ಟ್‌ನ ಕಾರು ತಯಾರಕರಿಗಲ್ಲ, ಬಿಡಿಭಾಗಗಳಿಲ್ಲದೆಯೂ ಅವನ್ನು ಓಡಿಸುತ್ತಿರುವ ಕ್ಯೂಬಾದ ಮೆಕ್ಯಾನಿಕ್‌ಗಳಿಗೆ.